ಓಡುದಾರಿಯ ಡಲ್ಸಿ ದೊಡ್ಡಮ್ಮ

ಮರುಭೂಮಿಯ ನಡುವಿನ ನಮ್ಮೂರಲ್ಲಿರುವುದು ಹದಿಮೂರು ಮನೆ. ವೈದ್ಯರ ವಿಮಾನ ಬರುವ ದಿನ ತನ್ನ ಹಳೆಯ ಟೊಯೋಟಾ ಗಾಡಿ ಹತ್ತಿ, ಅದು ಇಳಿಯುವ ಕೆಂಪು ಮಣ್ಣಿನ ಓಡುದಾರಿಯಿಂದ ಕಾಂಗರೂ, ನಾಯಿಗಳನ್ನು ಅಟ್ಟುವುದು ಡಲ್ಸಿ ದೊಡ್ಡಮ್ಮನ ಕೆಲಸ. ಹಾವನ್ನು ಬಾಲ ಹಿಡಿದು ಎಸೆಯುತ್ತಿದ್ದ ಹೆಂಗಸು ಒಂಟೆ ಕಂಡರೆ ಮಾತ್ರ ಬೆವರುತ್ತಿದ್ದಳು. ಚಿಕ್ಕವಳಿದ್ದಾಗ ಮದವೇರಿದ ಗಂಡೊಂಟೆಯೊಂದು ಅವಳ ಕಣ್ಣೆದುರೇ ಅವಳ ಅಣ್ಣನನ್ನು ಎದೆಯಡಿ ಹಾಕಿ ಅರೆದಿತ್ತು. ಸತ್ತವರ ಹೆಸರನ್ನು ಎತ್ತುವ ಪದ್ಧತಿ ನಮ್ಮ ಜನರಲ್ಲಿಲ್ಲ.

ಮಳೆಯಿಲ್ಲದ ಮೂರನೆಯ ಬೇಸಿಗೆಯಲ್ಲಿ ಕಾಡೊಂಟೆಗಳು ನೀರಿನ ವಾಸನೆ ಹಿಡಿದು ಊರಿಗೇ ನುಗ್ಗಿದವು. ಮುನ್ನೂರಕ್ಕೂ ಹೆಚ್ಚು. ನಲ್ಲಿ ಮುರಿದವು, ಪೈಪು ಕಿತ್ತವು, ಬಾಗಿಲಿಗೆ ತಲೆ ಗುದ್ದಿದವು. ಮೂರು ದಿನ ಯಾರೂ ಹೊರಗೆ ಕಾಲಿಡಲಿಲ್ಲ. ದೊಡ್ಡಮ್ಮ ನಮ್ಮ ಅಡುಗೆಮನೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತುಬಿಟ್ಟಳು.

ನಾಲ್ಕನೆಯ ಬೆಳಿಗ್ಗೆ ಏಳು ತಿಂಗಳ ಬಸುರಿ, ನನ್ನ ತಂಗಿ ರೋಂಡಾಗೆ ರಕ್ತ ಹೋಗತೊಡಗಿತು. ನರ್ಸ್ ಬೆವ್ ಗಾಡಿಯನ್ನು ಬಾಗಿಲಿಗೇ ತಾಗಿಸಿ ಒಳಗೆ ಬಂದಳು.

"ಇನ್ನು ಮುಕ್ಕಾಲು ಗಂಟೇಲಿ ವಿಮಾನ ಬರತ್ತೆ. ಓಡುದಾರಿ ತುಂಬ ಒಂಟೆ. ಹಿಂಗೇ ಇದ್ರೆ ಇಳಿಯಲ್ಲ, ವಾಪಸ್ ಹೋಗತ್ತೆ."

"ನಾ ಹೋಗಲ್ಲ ಕಣೇ," ಎಂದಳು ದೊಡ್ಡಮ್ಮ ನನಗೆ. "ನಿಮ್ಮಪ್ಪನ್ನ ಕಳ್ಸು."

"ಅಪ್ಪಂಗೆ ಕಣ್ಣೇ ಕಾಣಲ್ವಲ್ಲ!"

"ಹಂಗಾದ್ರೆ ನೀನೇ ಓಡ್ಸು."

"ನಂಗೆ ರಿವರ್ಸ್ ಬರಲ್ಲ ಅಂತ ಊರೆಲ್ಲ ಆಡ್ಕೊಂಡು ನಗೋಳು ನೀನೇ ಅಲ್ವಾ?"

ಒಳಕೋಣೆಯಲ್ಲಿ ರೋಂಡಾ ನರಳಿದಳು. ದೊಡ್ಡಮ್ಮ ತನ್ನ ಟೊಯೋಟಾದ ಕೀಲಿ ಎತ್ತಿಕೊಂಡಳು.

ನಾನೂ ಜೊತೆಗೆ ಹೋದೆ. ಹಾರನ್ ಬಾರಿಸಿದರೂ ಒಂಟೆಗಳು ಕತ್ತನ್ನೂ ತಿರುಗಿಸಲಿಲ್ಲ. ಗಂಡೊಂಟೆಯೊಂದು ಬಾಯಲ್ಲಿ ನೊರೆ ಸುರಿಸುತ್ತ ನಮ್ಮೆದುರು ನಿಂತು ಬಾನೆಟ್ಟಿಗೆ ಎದೆ ಕೊಟ್ಟಿತು. ಗಾಡಿ ಹಿಂದಕ್ಕೆ ಜರುಗಿತು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು. ಮತ್ತೆ ತೆರೆದಾಗ ಅವಳ ದೃಷ್ಟಿ ಓಡುದಾರಿಯಾಚೆಗಿನ ಊರಿನ ನೀರಿನ ಟ್ಯಾಂಕಿನ ಮೇಲಿತ್ತು.

"ಅವುಕ್ಕೆ ಬೇಕಾಗಿರೋದು ನೀರು ತಾನೇ?" ಎಂದು ಗಾಡಿ ತಿರುಗಿಸಿದಳು.

ಟ್ಯಾಂಕಿನ ಬುಡದಲ್ಲಿ ಇಳಿದು, ತುಕ್ಕು ಹಿಡಿದ ದೊಡ್ಡ ವಾಲ್ವನ್ನು ಎರಡೂ ಕೈಯಿಂದ ತಿರುಗಿಸಿದಳು. ನೀರು ಧುಮ್ಮಿಕ್ಕಿತು. ನೆಲ ಅದುರಿತು, ಮಂದೆ ಇಡಿಯಾಗಿ ನಮ್ಮತ್ತಲೇ ಓಡಿಬರುತ್ತಿತ್ತು.

"ನೀ ಹೋಗೇ! ಉಳ್ದಿರೋವನ್ನ ಅಟ್ಟು!" ಎಂದು ಕಿರುಚಿ ಅವಳು ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿದಳು. ನಾನು ಹೇಗೋ ಗಾಡಿ ಓಡಿಸಿದೆ. ಓಡುದಾರಿಯಲ್ಲೇ ಹಿಂದುಳಿದ ಆರೇಳು ಒಂಟೆಗಳೂ ನೀರಿನತ್ತ ಓಡಿದವು. ವಿಮಾನ ಇಳಿಯಿತು, ಬೆವ್ ತನ್ನ ಗಾಡಿಯಲ್ಲಿ ಕರೆತಂದ ರೋಂಡಾಳನ್ನು ಹತ್ತಿಸಿಕೊಂಡು ಹಾರಿತು.

ದೊಡ್ಡಮ್ಮ ಎರಡು ಗಂಟೆ ಏಣಿಗೆ ಅಂಟಿಕೊಂಡಿದ್ದಳು, ಕಾಲಿನ ಕೆಳಗೆ ಒಂಟೆಗಳ ಉಸಿರು. ಕೊನೆಗೆ ನಾನು ಗಾಡಿಯನ್ನು ಏಣಿಗೆ ಒತ್ತಿ ನಿಲ್ಲಿಸಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅವಳ ಲಂಗ ಒದ್ದೆಯಾಗಿತ್ತು.

"ಟ್ಯಾಂಕಿನ ನೀರು ಕಣೇ ಇದು."

"ಹೂಂ ದೊಡ್ಡಮ್ಮ."

ಊರಿನ ಟ್ಯಾಂಕು ಬರಿದಾಗಿತ್ತು; ಲಾರಿಯಲ್ಲಿ ನೀರು ಬರಲು ಐದು ದಿನ ಹಿಡಿಯಿತು. ಅಷ್ಟೂ ದಿನ ಊರು ಅವಳನ್ನು ಬೈಯಿತು. ರೋಂಡಾ ಎರಡು ತಿಂಗಳ ಮೇಲೆ, ಅಂಗೈಯಗಲದ ಮುಖದ ಮಗಳೊಂದಿಗೆ ಮರಳಿದಳು. ಅವಳು ಬಂದ ವಿಮಾನಕ್ಕೂ ದಾರಿ ತೆರವು ಮಾಡಿದವಳು ದೊಡ್ಡಮ್ಮನೇ. ಆದರೆ ಒಬ್ಬಳೇ ಹೋಗಲು ಒಪ್ಪದೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು, ಗಾಡಿಯ ಎರಡೂ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದಳು.