ನೋಡಾಕ ಬರ್ರಿ

ನನ್ನ ಉದ್ಯೋಗ ಏನೆಂದು ಅತ್ತೆಗೆ ತಿಳಿಸಿ ಹೇಳುವುದರಲ್ಲಿ ನನಗೆ ಸಾಕುಸಾಕಾಗಿತ್ತು. ಹೂವಿನ ಹಿಪ್ಪರಗಿಯ ಖಾಸಗಿ ಶಾಲೆಯ ನೌಕರಿ ಬಿಟ್ಟು, ಬಾಗೇವಾಡಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮನೆಯಲ್ಲಿಡುವ ಹಿಟ್ಟಿನ ಗಿರಣಿ, ಮಿಕ್ಸರ್, ಒಲೆಗಳ ಗುಣದೋಷ ಬರೆಯುವ ಕನ್ನಡ ವೆಬ್‌ಸೈಟ್ ನನ್ನದು. ಓದಿದವರು ಅಲ್ಲಿನ ಗುಂಡಿ ಒತ್ತಿ, ಮಾರುವವರ ಪುಟಕ್ಕೆ ಹೋಗಿ ಕೊಂಡರೆ ನನಗೆ ಕಮಿಷನ್. ಇಷ್ಟನ್ನೂ ಕೇಳಿಸಿಕೊಂಡು ಅತ್ತೆ, "ಹಂಗಂದ್ರ ದಲಾಲಿ ಮಾಡ್ತಿ ಅನ್ನು" ಅಂದಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಮಾತು ಸುಳ್ಳಾಗಿರಲಿಲ್ಲ, ನುಂಗಿಕೊಂಡೆ.

ದಲಾಲಿಯೂ ಹುಟ್ಟುತ್ತಿರಲಿಲ್ಲ ಅನ್ನುವುದೇ ಸಂಕಟ. ಜೋಳದ ಹಿಟ್ಟನ್ನು ರೊಟ್ಟಿ ಬಿರಿಯದಂತೆ ನುಣ್ಣಗೆ ಬೀಸುವ ಗಿರಣಿ ಯಾವುದು ಎಂದು ಬರೆದ ಪುಟಕ್ಕೆ ಇಂಡಿ, ಸಿಂದಗಿ ಕಡೆಯ ಹೆಣ್ಣುಮಕ್ಕಳು ದಂಡುಗಟ್ಟಿ ಬರುತ್ತಿದ್ದರು. ಕೊನೆಯ ಸಾಲಿನವರೆಗೂ ಓದುತ್ತಿದ್ದರು. ಗುಂಡಿ ಮಾತ್ರ ಯಾರೂ ಒತ್ತುತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಏನೆಂದು ಆಗ ಗೊತ್ತಾಯಿತು. ಅತ್ತೆಗೂ ಗೊತ್ತಾಯಿತು. "ಮಂದಿ ಬರ್ತಾರ, ಹೋಗ್ತಾರ, ಯಾರೂ ತಗೊಳ್ಳಂಗಿಲ್ಲ. ಅದು ಅಂಗಡಿ ಅಲ್ಲ, ಬಸ್‌ಸ್ಟ್ಯಾಂಡ್."

ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳದೆ, ಬೇಸಿಗೆ ರಜೆ ಮುಗಿಯುವವರೆಗೆ ಕಾಯುತ್ತೇನೆ ಎಂದು ಶಾಲೆಯ ಮುಖ್ಯ ಶಿಕ್ಷಕಿ ಹೇಳಿದ್ದರು. ಅಷ್ಟರೊಳಗೆ ಇದು ನಡೆಯದಿದ್ದರೆ ಮರಳಿ ಶಾಲೆಗೆ ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಶಾಲೆ ಕೆಟ್ಟದ್ದೇನಲ್ಲ. ಆದರೆ ಸೋತು ವಾಪಸು ಹೋಗುವ ಬಸ್ಸಿನಲ್ಲಿ ಕೂರುವುದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಓದುಗರ ಬೆರಳು ಪುಟದ ಮೇಲೆ ಎಲ್ಲೆಲ್ಲಿ ಮುಟ್ಟಿತೆಂದು ಬಣ್ಣದಲ್ಲಿ ತೋರಿಸುವ ಒಂದು ಸಾಧನ ಹಾಕಿ ನೋಡಿದೆ. ಗಿರಣಿಯ ಫೋಟೋ ಮೇಲೆಲ್ಲ ಕೆಂಪೋ ಕೆಂಪು. "ಈಗಲೇ ಖರೀದಿಸಿ" ಎಂಬ ಗುಂಡಿಯ ಮೇಲೆ ಕಲೆಯೇ ಇಲ್ಲ. ಅದನ್ನು "ಇಂದೇ ಕೊಳ್ಳಿ" ಎಂದು ಮಾಡಿದೆ, ಹಸಿರು ಬಣ್ಣ ಬಳಿದೆ. ಅಳಿಯ ಅಲ್ಲ, ಮಗಳ ಗಂಡ! ಏನೂ ಬದಲಾಗಲಿಲ್ಲ.

ಅದೇ ಹೊತ್ತಿಗೆ ನಾದಿನಿಯ ಮಗಳ ಮದುವೆಗೆಂದು ಅತ್ತೆಯ ಜೊತೆ ಮುದ್ದೇಬಿಹಾಳಕ್ಕೆ ಜವಳಿ ತೆಗೆಯಲು ಹೋದೆ. ಮೊದಲ ಅಂಗಡಿಯವನು ಬಾಗಿಲಲ್ಲೇ ಅಡ್ಡ ನಿಂತು, ಹೊಸ ಮಾಲು ಬಂದಿದೆ, ತಗೊಳ್ಳಿ ತಗೊಳ್ಳಿ ಎಂದು ಬೆನ್ನು ಹತ್ತಿದ. ಅತ್ತೆ ಸೆರಗು ಎಳೆದುಕೊಂಡು ಹಿಂದಿರುಗಿಯೇ ಬಿಟ್ಟರು. "ಹೊಸ್ತಿಲಾ ದಾಟಿಲ್ಲ, ಆಗಲೇ ತಗೋ ಅಂತಾನ. ನೋಡಾಕರ ಬಿಡಬೇಕಿಲ್ಲೇನು?"

ಎದುರಿನ ಅಂಗಡಿಯ ಮುದುಕ ಗಾದಿಯ ಮೇಲಿಂದ ಏಳಲೂ ಇಲ್ಲ. "ಬರ್ರಿ ಅವ್ವಾರ, ತಗೋಬ್ಯಾಡ್ರಿ, ಬರೇ ನೋಡ್ರಿ. ನೋಡಾಕೇನ್ ರೊಕ್ಕ ಐತಿ?" ಅಂದ. ಅತ್ತೆ ಕಾಲು ಮಡಿಚಿ ಕೂತರು. ಅಂಚು ತಿಕ್ಕಿ ನೋಡಿದರು, ಸೆರಗು ಬಿಡಿಸಿದರು, ರೇಟು ಕೇಳಿ ಮೂಗು ಮುರಿದರು. ಕೊನೆಗೆ ಮದುವೆಯ ಜವಳಿಯೆಲ್ಲ ಅಲ್ಲೇ ಆಯಿತು, ಜೊತೆಗೆ ತಮಗೊಂದು ಇಳಕಲ್ ಸೀರೆ.

ವಾಪಸು ಬರುವಾಗ ಬಸ್ಸಿನಲ್ಲಿ ಹಣೆ ಚಚ್ಚಿಕೊಂಡೆ. ನನ್ನ ಗುಂಡಿ ಆ ಮೊದಲ ಅಂಗಡಿಯವನ ಹಾಗೆ ಬಾಗಿಲಲ್ಲೇ ಕೂಗುತ್ತಿತ್ತು. ಪಾಪ, ಓದುಗರು ಫೋಟೋ ಮುಟ್ಟಿ ಮುಟ್ಟಿ ನೋಡಿದರೆ ಅದು ಎಲ್ಲಿಗೂ ಒಯ್ಯುತ್ತಿರಲಿಲ್ಲ.

ಮನೆಗೆ ಬಂದವಳೇ ಗುಂಡಿಯ ಮೇಲೆ "ರೇಟ್ ಎಷ್ಟೈತಿ ನೋಡ್ರಿ" ಎಂದು ಬರೆದೆ. ಫೋಟೋ ಮುಟ್ಟಿದರೂ ಮಾರುವವರ ಪುಟ ತೆರೆಯುವಂತೆ ಮಾಡಿದೆ. ಆದರೆ ಎಲ್ಲರಿಗೂ ತೋರಿಸಲಿಲ್ಲ. ಬಂದವರಲ್ಲಿ ಅರ್ಧ ಜನಕ್ಕೆ ಹಳೆಯ ಪುಟ, ಅರ್ಧ ಜನಕ್ಕೆ ಹೊಸದು. ಇಲ್ಲದಿದ್ದರೆ ಮದುವೆ ಸೀಸನ್ನಿನ ಪುಣ್ಯವನ್ನು ನನ್ನ ಜಾಣತನಕ್ಕೆ ಬರೆದುಕೊಂಡು ಮೋಸಹೋಗುತ್ತಿದ್ದೆ.

ಹೊಸ ಗುಂಡಿಯನ್ನು ಜನ ಮೊದಲ ದಿನದಿಂದಲೇ ಒತ್ತತೊಡಗಿದರು. ನಾನು ಕುಣಿಯಲಿಲ್ಲ. ನೋಡಿದವರೆಲ್ಲ ಕೊಳ್ಳುತ್ತಾರೆಯೇ? ಕೊಂಡ ಲೆಕ್ಕ ನನಗೆ ತಡವಾಗಿ ಬರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದೆಂದು ಹಲ್ಲು ಕಚ್ಚಿ ಕೂತೆ. ಕೊನೆಗೊಂದು ಬೆಳಿಗ್ಗೆ ಲೆಕ್ಕ ತೆರೆದರೆ, ಹಳೆಯ ಪುಟದ ಕಡೆ ಬೆರಳೆಣಿಕೆಯ ಆರ್ಡರು, ಹೊಸದರ ಕಡೆ ಸಾಲುಗಟ್ಟಿದ ಆರ್ಡರು. ಬರೇ ನೋಡಲು ಹೋದವರು ಗಿರಣಿ ತಗೊಂಡೇ ಬಂದಿದ್ದರು, ನಮ್ಮ ಅತ್ತೆಯ ಹಾಗೆ. ಗೆದ್ದೆ ಅನಿಸಿತು. ಒಬ್ಬಳೇ ಕೋಣೆಯಲ್ಲಿ ನಕ್ಕೆ, ಸ್ವಲ್ಪ ಕಣ್ಣೀರೂ ಹಾಕಿದೆ. ಆಮೇಲೆ ಮುಖ್ಯ ಶಿಕ್ಷಕಿಗೆ ಫೋನ್ ಮಾಡಿ, ನನ್ನ ಜಾಗ ಬೇರೆಯವರಿಗೆ ಕೊಡಿ ಎಂದು ಹೇಳಿದೆ.

ಶಾಲೆ ಶುರುವಾದ ದಿನ ಪಕ್ಕದ ಮನೆಯಾಕೆ ಹಪ್ಪಳ ಒತ್ತಲು ನನ್ನನ್ನು ಕರೆಯಲು ಬಂದಿದ್ದಳು. ಕೆಳಗಿನ ಮಾತು ಮಹಡಿಯ ಕಿಟಕಿಗೆ ಕೇಳುತ್ತಿತ್ತು. ಇನ್ನೇನು ಎದ್ದು ಹೋಗಬೇಕು, ಅತ್ತೆಯ ದನಿ ಬಂತು.

"ಈಗ ಕರಿಬ್ಯಾಡವ್ವ. ಸೊಸಿ ಅಂಗಡ್ಯಾಗ ಅದಾಳ."