ಕಂಪ್ಯೂಟರಿನ ಹಿಂದೆ ಕೈ ಹಾಕುವಾಗ

ಕಂಗ್ಟಿ ಹತ್ತಿರದ ಹಳ್ಳಿಶಾಲೆಯಲ್ಲಿ, ರಜೆಯಿಡೀ ಮುಚ್ಚಿಟ್ಟಿದ್ದ ಕಂಪ್ಯೂಟರಿನ ಹಿಂದೆ ವೈರು ಸಿಕ್ಕಿಸಲು ಕೈ ಚಾಚಿದ್ದೆ. ವಿಶ್ವವಿದ್ಯಾಲಯದಿಂದ ಶಿಕ್ಷಕರಿಗೆ ಕಂಪ್ಯೂಟರ್ ಕಲಿಸಲು ಹೋದವನು ನಾನು. ಅಲ್ಲಿನ ತುಳಜಮ್ಮ ಟೀಚರ್ ಥಟ್ಟನೆ ನನ್ನ ಮಣಿಕಟ್ಟು ಹಿಡಿದರು.

“ತಡೀರಿ ಸರ್. ಹೊಲದಾಗ ಕೊಯ್ದ್ ಕಟ್ಟಿದ ಜೋಳದ ಸೂಡು ಸೈತ ತಟ್ಟಿ ನೋಡೇ ಎತ್ತತೀವ್ರಿ.”

ಬೆತ್ತದಿಂದ ಮೇಜು ತಟ್ಟಿದರು. ನನ್ನ ಬೆರಳು ಹೋಗಬೇಕಿದ್ದ ಜಾಗದಿಂದಲೇ ನಾಗರಹಾವೊಂದು ಇಳಿದು ಬಾಗಿಲಾಚೆ ಹರಿದುಹೋಯಿತು.

ಪಾಠ ಶುರುಮಾಡಿದಾಗ ನನ್ನ ಪಾಸ್‌ವರ್ಡನ್ನೇ ಮೂರು ಸಲ ತಪ್ಪಾಗಿ ಒತ್ತಿದೆ. ಕೀಬೋರ್ಡ್ ಮುಟ್ಟಲು ಅಲ್ಲಿಯವರೆಗೆ ಒಪ್ಪದಿದ್ದ ಟೀಚರ್ ಕುರ್ಚಿ ಎಳೆದುಕೊಂಡು ಕೂತರು. “ನೀವ್ ಹೇಳ್ರಿ, ನಾ ಒತ್ತತೀನಿ. ಇದೇನ್ ಕಚ್ಚಂಗಿಲ್ಲ.”

ಆ ಹಾವು ಈಗಲೂ ಕನಸಿಗೆ ಬರುತ್ತದೆ. ನಾನು ಹೇಳಿದ ಪಾಸ್‌ವರ್ಡಿನ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿದ ಅವರ ಬೆರಳೂ ನೆನಪಾಗುತ್ತದೆ. ಆ ಪಾಸ್‌ವರ್ಡ್ ಇನ್ನೂ ಬದಲಿಸಿಲ್ಲ.