ರಾಜ ನದಿಯಾದ ಪುಟ

ನಾನು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು, ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ನನಗೆ ಬಿ.ಎ.ಗೆ ಇಂಗ್ಲಿಷ್ ಕಲಿಸುತ್ತಿದ್ದ ಸರ್. ನಮ್ಮ ಕಾಕಾ ಕೂಡ ಹಾಗೇ ಅಂದಿದ್ದ. ಆದರೆ ಕಾಕಾ ಅದೇ ಬಾಯಲ್ಲಿ ಇವತ್ತು ಬಸ್ಸು ಬರುವುದಿಲ್ಲ, ಕರೆಂಟು ಬರುವುದಿಲ್ಲ ಎಂದೂ ಅನ್ನುತ್ತಿದ್ದ. ಅವನ ಮಾತನ್ನು ಮನೆಯ ಬೆಕ್ಕೂ ಕೇಳುತ್ತಿರಲಿಲ್ಲ. ಸರ್ ಅಂದದ್ದು ಮಾತ್ರ ನನ್ನ ಮೈಯೊಳಗೆ ಹೊಕ್ಕು ಕೂತಿತು. ಅದನ್ನು ಮರೆಯಬೇಕೆಂದು ನಾನು ಪ್ರಯತ್ನವನ್ನೂ ಮಾಡಲಿಲ್ಲ.

ನಮ್ಮದು ಅಕ್ಕೋಳ. ಅವ್ವ ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮಿಗೆ, ನಮ್ಮ ಮಾತಿನಲ್ಲಿ ವಖಾರಿಗೆ, ಕೂಲಿಗೆ ಹೋಗುತ್ತಿದ್ದಳು. ದಿನವಿಡೀ ಜರಡಿ ಹಿಡಿಯುವ ಕೆಲಸ. ಸಂಜೆ ಮನೆಗೆ ಬಂದಾಗ ಹುಬ್ಬಿನ ಮೇಲೂ ಕಂದು ಪುಡಿ. ಆ ವಾಸನೆ ನಮಗೆ ವಾಸನೆ ಎಂದು ಗೊತ್ತೇ ಇರಲಿಲ್ಲ, ಮನೆ ಇರುವುದೇ ಹಾಗೆ ಎಂದುಕೊಂಡಿದ್ದೆವು. ಅದು ನನ್ನ ಬಟ್ಟೆಗೆ, ನನ್ನ ಪುಸ್ತಕಕ್ಕೆ ಹತ್ತಿದೆ ಎಂದು ಮೊದಲ ಸಲ ತಿಳಿದದ್ದು ಸರ್ ಜೇಬಿನಿಂದ ಕರ್ಚೀಫು ತೆಗೆದಾಗ. ನಾನು ಅವರ ಟೇಬಲ್ಲಿನ ಹತ್ತಿರ ಹೋದರೆ ಸಾಕು, ಕರ್ಚೀಫು ಮೂಗಿಗೆ ಹೋಗುತ್ತಿತ್ತು.

ಸರ್ ಪಾಠ ಮಾಡುತ್ತಿರಲಿಲ್ಲ, ನೋಟ್ಸ್ ಬರೆಸುತ್ತಿದ್ದರು. ಹಳದಿಯಾದ ಹಾಳೆಗಳ ಒಂದು ಕಟ್ಟು ಹಿಡಿದು ಬಂದು, ಫ್ಯಾನಿನ ಕೆಳಗೆ ಕುಳಿತು, ಓದುತ್ತಾ ಹೋಗುವರು. ನಾವು ತಲೆ ತಗ್ಗಿಸಿ ಬರೆದುಕೊಳ್ಳುವೆವು. ಪರೀಕ್ಷೆಯಲ್ಲಿ ಅದನ್ನೇ ಕಕ್ಕಬೇಕು. ಅಥಣಿಯಿಂದ ನಿಪ್ಪಾಣಿಯವರೆಗೆ ಇಂಗ್ಲಿಷ್ ಕಲಿಸುವವರಲ್ಲಿ ಅರ್ಧಕ್ಕರ್ಧ ಜನ ಇವರದೇ ಶಿಷ್ಯರು. ಅವರೂ ಅವೇ ಹಾಳೆಗಳನ್ನು ನಕಲು ಮಾಡಿಕೊಂಡು ತಮ್ಮ ತಮ್ಮ ಕಾಲೇಜಿನಲ್ಲಿ ಬರೆಸುತ್ತಿದ್ದರು. ಪೇಪರು ತಿದ್ದುವವರೂ ಅವರೇ. ಹೀಗಾಗಿ ಕಾಗವಾಡದಲ್ಲಿ ಬರೆದ ಉತ್ತರವೂ ರಾಯಬಾಗದಲ್ಲಿ ಬರೆದ ಉತ್ತರವೂ ಒಂದೇ ತಾಯಿಯ ಮಕ್ಕಳಂತೆ ಇರುತ್ತಿದ್ದವು.

ಆ ನೋಟ್ಸಿನಲ್ಲಿ ಒಂದು ಉತ್ತರವಿತ್ತು. ಒಂದು ದುರಂತ ನಾಟಕದ ರಾಜ. ಅವನ ಅಹಂಕಾರ, ಅವನ ಸಿಟ್ಟು, ಅವನು ಮಗನನ್ನು ಹೊರಗೆ ಹಾಕಿದ್ದು. ಇಷ್ಟು ಬರುವಷ್ಟರಲ್ಲಿ ಪುಟ ಮುಗಿಯುತ್ತದೆ. ಮುಂದಿನ ಪುಟದ ಮೊದಲ ಸಾಲಿನಲ್ಲಿ ರಾಜ ತಣ್ಣಗೆ ಹರಿಯತೊಡಗುತ್ತಾನೆ. ಅವನ ಎರಡೂ ದಂಡೆಯ ಮೇಲೆ ಹೂ ಅರಳುತ್ತವೆ, ಕವಿ ಬಂದು ಅವನ ಪಕ್ಕದಲ್ಲಿ ಕುಳಿತು ಮನಸ್ಸಿಗೆ ಸಮಾಧಾನ ತಂದುಕೊಳ್ಳುತ್ತಾನೆ. ಯಾವಾಗಲೋ ನಡುವಿನ ಹಾಳೆಗಳು ಕಳೆದುಹೋಗಿ, ನದಿಯ ಮೇಲಿನ ಯಾವುದೋ ಕವಿತೆಯ ಉತ್ತರ ರಾಜನ ಬಾಲಕ್ಕೆ ಅಂಟಿಕೊಂಡಿತ್ತು. ಸರ್ ಅದನ್ನು ಉಸಿರು ಬದಲಿಸದೆ ಓದಿಬಿಟ್ಟರು. ಕ್ಲಾಸು ಉಸಿರು ಬದಲಿಸದೆ ಬರೆದುಕೊಂಡಿತು.

ನಾನು ಎದ್ದು ನಿಂತೆ.

"ಸರ್, ರಾಜ ನದಿ ಹೆಂಗ ಆದನ್ರಿ?"

ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬಂತು. ಸರ್ ಹಾಳೆ ಕೆಳಗಿಟ್ಟರು.

"ಪರೀಕ್ಷಾದಾಗ ಮಾರ್ಕ್ಸ್ ಬೀಳ್ತಾವೋ ಇಲ್ಲೋ?"

"ಬೀಳ್ತಾವ್ರಿ."

"ಮತ್ತ ಗೊತ್ತ ಮಾಡ್ಕೊಂಡು ಏನ್ ಮಾಡಾಕಿ ನೀ?"

"ಎಂ.ಎ. ಮಾಡಬೇಕಂತೇನ್ರಿ ಸರ್. ಇಂಗ್ಲಿಷ್."

ಸರ್ ಇಡೀ ಕ್ಲಾಸಿನ ಕಡೆ ತಿರುಗಿದರು. ಅವರಿಗೆ ಸಭೆ ಕಂಡರೆ ಪ್ರೀತಿ.

"ಕೇಳಿದ್ರೇನಪಾ? ಎಂ.ಎ. ಅಂತ. ಇಂಗ್ಲಿಷ್ ಅಂತ." ಆಮೇಲೆ ನನಗೆ: "ಏ ಪೋರಿ, ಮೊದಲ ಕೈ ತೊಳ್ಕೊಂಡ ಬಾ. ನಿನ್ನ ಪೇಪರ್ ತಿದ್ದೂಮುಂದ ನನಗ ಸೀನು ಬರ್ತಾವ. ವಖಾರ್ಯಾಗಿನ ಮಂದಿಗೆ ಇಂಗ್ಲಿಷ್ ಎಂ.ಎ. ಆಗಾಕ ಸಾಧ್ಯನ ಇಲ್ಲ, ಬರದಿಟ್ಕೊ."

ಬರೆದಿಟ್ಟುಕೊಳ್ಳಲಿಲ್ಲ. ಅಗತ್ಯ ಬೀಳಲಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕುಳಿತಾಗ ಅವ್ವನಿಗೆ ಹೇಳಿದೆ. ಹೇಳಬಾರದಿತ್ತು ಎಂದು ಹೇಳುವಾಗಲೇ ಅನಿಸಿತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅಷ್ಟ ವಾಸನಿ ಬರ್ತೈತೇನಬೇ?" ಎಂದು ಒಮ್ಮೆ ಕೇಳಿದಳು. ಮರುದಿನದಿಂದ ನನ್ನ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ಹಾಕಿ ಒಗೆದು, ನಮ್ಮ ಮನೆಯ ಹಗ್ಗದ ಮೇಲೆ ಹಾಕದೆ, ಪಕ್ಕದ ಮನೆಯವರನ್ನು ಕೇಳಿಕೊಂಡು ಅವರ ಅಂಗಳದಲ್ಲಿ ಒಣಗಿಸತೊಡಗಿದಳು. ನನ್ನ ಎದುರಿಗೆ ಬರುವ ಮುಂಚೆ ಮೊಣಕೈತನಕ ಕೈ ತೊಳೆಯತೊಡಗಿದಳು. ಸರ್ ಅಂದದ್ದಕ್ಕಿಂತ ನನಗೆ ಉರಿದದ್ದು ಇದು. ನನ್ನ ಅವ್ವ ನನ್ನನ್ನು ಮುಟ್ಟಲು ಕೈ ತೊಳೆಯಬೇಕಾಯಿತಲ್ಲ. ಅದಕ್ಕೆ ಸರ್ ಒಂದು ದಿನ ಉತ್ತರ ಕೊಡಲೇಬೇಕು ಎಂದು ಅಂದೇ ಗಟ್ಟಿ ಮಾಡಿಕೊಂಡೆ.

ಎಂ.ಎ.ಗೆ ಸೀಟು ಸಿಕ್ಕಿತು. ನೋಟ್ಸನ್ನು ಬಾಯಿಪಾಠ ಮಾಡಿಯೇ ಬಿ.ಎ. ಪಾಸಾಗಿದ್ದೆ ಎಂಬುದನ್ನೂ ಹೇಳಬೇಕು. ರಾಜನನ್ನು ನಾನೂ ನದಿ ಮಾಡಿದ್ದೆ, ಮಾರ್ಕ್ಸೂ ತೆಗೆದುಕೊಂಡಿದ್ದೆ. ವಿಶ್ವವಿದ್ಯಾಲಯದಲ್ಲಿ ಆ ಆಟ ನಡೆಯಲಿಲ್ಲ. ಅಲ್ಲಿ ಬರವಣಿಗೆ ಕಲಿಸುವ ಮೇಡಮ್ ಒಬ್ಬರಿದ್ದರು, ನಗು ಕಡಿಮೆ. ನನ್ನ ಮೊದಲ ಪ್ರಬಂಧವನ್ನು ಅವರು ಪೂರ್ತಿ ಹೊಡೆದು ಹಾಕಿದರು. ಒಂದು ಸಾಲು ಮಾತ್ರ ಉಳಿಸಿದ್ದರು. ಉದಾಹರಣೆ ಬೇಕಲ್ಲ ಎಂದು ನಾನೇ ನಡುವೆ ತುರುಕಿದ್ದ ಸಾಲು ಅದು: ನನ್ನ ತಾಯಿ ಕೆಮ್ಮುವಾಗ ಕೈಯನ್ನು ಬಾಯಿಗೆ ಹಿಡಿಯುವುದಿಲ್ಲ, ಕೈಯಲ್ಲಿ ಬಾಯಿಗಿಂತ ಹೆಚ್ಚು ಪುಡಿ ಇರುತ್ತದೆ.

"ಈ ವಾಕ್ಯ ನಿನ್ನದು," ಅಂದರು ಮೇಡಮ್. "ಉಳಿದದ್ದು ಯಾರದು?"

ಉಳಿದದ್ದು ಸರ್‌ದು. ಅದನ್ನು ಅವರಿಗೆ ಹೇಳಲು ನಾಚಿಕೆಯಾಗಿ ಪ್ರಬಂಧವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಹಾಸ್ಟೆಲ್ಲಿಗೆ ಬಂದು, ದಿನಕ್ಕೊಂದು ಪುಟ, ಬೇರೆ ಯಾರೂ ಬರೆಯಲಾಗದ ಪುಟ, ಇಂಗ್ಲಿಷಿನಲ್ಲಿ ಬರೆಯತೊಡಗಿದೆ. ತಪ್ಪಾಗುತ್ತಿತ್ತು, ಮತ್ತೆ ಬರೆಯುತ್ತಿದ್ದೆ. ಬಹಳ ಜನ ಓದಿನ ಪ್ರೀತಿಯಿಂದ ಓದಿದೆ ಎನ್ನುತ್ತಾರೆ. ನನಗೂ ಪ್ರೀತಿ ಬಂತು, ಆದರೆ ತಡವಾಗಿ. ಮೊದಲು ನನ್ನನ್ನು ಎಬ್ಬಿಸಿ ಕೂರಿಸುತ್ತಿದ್ದದ್ದು ಆ ಕರ್ಚೀಫು.

ಎಂ.ಎ. ಆಯಿತು. ಆಮೇಲೆ ಉಪನ್ಯಾಸಕರ ಪರೀಕ್ಷೆ. ಕೊನೆಗೆ ಅಥಣಿಯ ಒಂದು ಕಾಲೇಜಿನಲ್ಲಿ ಕೆಲಸ. ಬರವಣಿಗೆ ಕಲಿಸುವುದೇ ನನ್ನ ವಿಷಯವಾಯಿತು. ಮೊದಲ ವರ್ಷವೇ ರಾಯಬಾಗದ ಕಡೆಯ ಹುಡುಗಿಯೊಬ್ಬಳು ಉತ್ತರ ಬರೆದು ತಂದಳು. ನೋಡಿದರೆ ರಾಜ ಇನ್ನೂ ಹರಿಯುತ್ತಿದ್ದ. ಎಲ್ಲಿ ಸಿಕ್ಕಿತು ಎಂದರೆ, "ವಾಟ್ಸಾಪಿನ್ಯಾಗ ಪಿಡಿಎಫ್ ಬಂದೈತ್ರಿ ಮೇಡಮ್, ಎಲ್ಲಾರ ಕಡೇನೂ ಐತಿ" ಅಂದಳು.

ಎರಡು ವರ್ಷದ ಹಿಂದೆ ಐದು ತಾಲೂಕುಗಳ ಕಾಲೇಜುಗಳ ಇಂಗ್ಲಿಷ್ ಅಧ್ಯಾಪಕರಿಗೆ ಬರವಣಿಗೆ ಬೋಧನೆಯ ತರಬೇತಿ ನಮ್ಮ ಕಾಲೇಜಿನಲ್ಲಿ ಏರ್ಪಾಟಾಯಿತು. ಸಂಚಾಲಕಿ ನಾನು. ಇಂಥ ತರಬೇತಿಗೆ ಯಾರೂ ಕಲಿಯಲೆಂದು ಬರುವುದಿಲ್ಲ. ಸರ್ಟಿಫಿಕೇಟು ಇಲ್ಲದಿದ್ದರೆ ಬಡ್ತಿ ಇಲ್ಲ, ಅದಕ್ಕೆ ಬರುತ್ತಾರೆ. ಬಂದವರಲ್ಲಿ ಸರ್ ಕೂಡ ಇದ್ದರು. ನಿವೃತ್ತಿ ಹತ್ತಿರ ಬಂದಿತ್ತು, ಒಂದು ಸರ್ಟಿಫಿಕೇಟು ಕಡಿಮೆ ಬಿದ್ದು ಬಡ್ತಿ ನಿಂತಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕರ್ಚೀಫು ಮಾತ್ರ ಅದೇ ಜೇಬಿನಲ್ಲಿ.

"ಮೇಡಮ್ಮಾರು ಯಾವೂರಿನವರ್ರಿ?" ಅಂದರು ಚಹಾ ಕುಡಿಯುತ್ತಾ.

"ಅಕ್ಕೋಳ್ರಿ ಸರ್."

"ಹಾಂ ಹಾಂ, ತಂಬಾಕಿನ ಸೀಮಿ. ಛಲೋ ಛಲೋ."

ಗುರುತು ಸಿಕ್ಕಿರಲಿಲ್ಲ. ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದನ್ನು ಆ ಮನುಷ್ಯ ಅದೇ ದಿನ ಸಂಜೆ ಮರೆತಿರಬೇಕು. ಅದು ಇನ್ನಷ್ಟು ಉರಿಸಿತು.

ನನ್ನ ತರಬೇತಿಯಲ್ಲಿ ನಿಯಮ ಒಂದೇ: ಪ್ರತಿಯೊಬ್ಬರೂ ಒಂದು ಪುಟ ಸ್ವಂತ ಬರೆಯಬೇಕು, ಎಲ್ಲರ ಎದುರಿಗೆ ಓದಬೇಕು. ಅದಿಲ್ಲದೆ ಸರ್ಟಿಫಿಕೇಟು ಇಲ್ಲ. ವಿಷಯಗಳನ್ನು ಚೀಟಿಯಲ್ಲಿ ಬರೆದು ನಾನೇ ಹಂಚಿದೆ. ಒಬ್ಬರಿಗೆ ಮನೆಯ ಅಡುಗೆ, ಒಬ್ಬರಿಗೆ ಮೊದಲ ಸೈಕಲ್ಲು. ಸರ್ ಕೈಗೆ ಕೊಟ್ಟ ಚೀಟಿಯಲ್ಲಿ ಬರೆದದ್ದು: ರಾಜ ನದಿ ಹೇಗಾದ?

ಓದಿ ತಲೆ ಎತ್ತಿದರು. ನನ್ನ ಮುಖ ನೋಡಿದರು. ನಾನೂ ನೋಡಿದೆ. ಈಗ ಗುರುತು ಸಿಕ್ಕಿತು.

ಮರುದಿನ ಅವರು ಕೊಟ್ಟದ್ದು ಎರಡು ಸಾಲು, ಅಂಥ ನೋಟ್ಸು ತಮ್ಮ ಗಮನಕ್ಕೆ ಬಂದಿಲ್ಲ ಎಂದು. ವಾಪಸು ಕೊಟ್ಟೆ. ಆಮೇಲೆ ಅರ್ಧ ಪುಟ ತಂದರು, ಅದರಲ್ಲಿ ತಪ್ಪೆಲ್ಲ ಝೆರಾಕ್ಸ್ ಅಂಗಡಿಯವನದು. ಅದನ್ನೂ ವಾಪಸು ಕೊಟ್ಟೆ. ಪ್ರಾಚಾರ್ಯರು ನನ್ನನ್ನು ಒಳಗೆ ಕರೆದರು.

"ಮೇಡಮ್, ಹಿರ್ಯಾರದಾರ. ಸ್ವಲ್ಪ ದೊಡ್ಡ ಮನಸ್ಸ ಮಾಡ್ರಲಾ."

"ಸರ್, ನನ್ನ ಮನಸ್ಸು ಇದ್ದಷ್ಟ ಐತ್ರಿ. ಒಂದು ಪುಟ ಬರೀಲಿ, ಕೊಡ್ತೇನಿ."

ಕೊನೆಯ ದಿನದ ಹಿಂದಿನ ದಿನ ಸರ್ ಪುಟ ತಂದರು. ತಾವು ಎಂ.ಎ. ಮಾಡುವಾಗ ನಾಟಕ ಓದಿರಲೇ ಇಲ್ಲ, ಹಾಸ್ಟೆಲ್ಲಿನಲ್ಲಿ ಹಿರಿಯನೊಬ್ಬನ ನೋಟ್ಸನ್ನು ಅವಸರದಲ್ಲಿ ಇಳಿಸಿಕೊಂಡದ್ದು, ಅವನು ಕೊಟ್ಟ ಹಾಳೆಗಳೇ ಕಡಿಮೆ ಇದ್ದವು ಎಂದು ಬರೆದಿದ್ದರು. ನೌಕರಿಗೆ ಸೇರಿದ ಮೇಲೆ ಒಂದು ಸಲ ಬರೆಸುತ್ತಿರುವಾಗಲೇ ತಪ್ಪು ಕಣ್ಣಿಗೆ ಬಿದ್ದಿತ್ತು. ಆದರೆ ಅಷ್ಟೊತ್ತಿಗೆ ಎಷ್ಟೋ ಮಕ್ಕಳು ಅದನ್ನೇ ಬರೆದು ಪಾಸಾಗಿದ್ದರು. ಈಗ ತಿದ್ದಿದರೆ ಹಿಂದಿನದೆಲ್ಲ ತಪ್ಪೆಂದು ಒಪ್ಪಬೇಕಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದರು. ಯಾರೂ ಕೇಳಲಿಲ್ಲ. ಒಬ್ಬ ಹುಡುಗಿ ಕೇಳಿದಳು. "ಅವಳು ಇನ್ನೊಂದು ಸಲ ಕೇಳಬಾರದು ಎಂದು ಅವಳ ಕೈ ನೋಡಿ ಮಾತಾಡಿದೆ." ಪುಟ ಹೀಗೆ ಮುಗಿದಿತ್ತು.

ಇಡೀ ತರಬೇತಿಯಲ್ಲಿ ಬಂದ ಪುಟಗಳಲ್ಲಿ ಅದೇ ಉತ್ತಮವಾಗಿತ್ತು. ಅದಕ್ಕೂ ನನಗೆ ಸಿಟ್ಟು ಬಂತು. ಇಂಥ ಸಾಲು ಬರೆಯಬಲ್ಲ ಮನುಷ್ಯ ನಮಗೆ ಅಷ್ಟು ವರ್ಷ ಹಳದಿ ಹಾಳೆ ಓದಿದರಲ್ಲ.

"ಬರೋಬರಿ ಐತ್ರಿ ಸರ್," ಅಂದೆ. "ನಾಳೆ ಓದ್ರಿ."

"ಎಲ್ಲಾರ ಮುಂದ ಓದಬೇಕೇನವಾ?" ಈಗ ಅವರ ಬಾಯಲ್ಲಿ 'ಮೇಡಮ್ಮಾರು' ಹೋಗಿ 'ಅವ್ವಾ' ಬಂದಿತ್ತು.

"ಎಲ್ಲಾರ ಮುಂದ ಅಂದಿದ್ರಲ್ರಿ ನೀವು."

ಓದಿದರು. ಕೇಳುತ್ತ ಕುಳಿತವರಲ್ಲಿ ಎಷ್ಟೋ ಜನ ಅವರ ಶಿಷ್ಯರೇ, ಆ ರಾಜನನ್ನು ತಮ್ಮ ಮಕ್ಕಳಿಗೂ ಹರಿಸಿದವರೇ. ಒಬ್ಬರೂ ತಲೆ ಎತ್ತಲಿಲ್ಲ. ಹುಡುಗಿಯ ಕೈಯ ಸಾಲು ಬಂದಾಗ ಸರ್ ತಡವರಿಸಿ, ಹಾರಿಸಿ ಮುಂದೆ ಹೋಗಲು ನೋಡಿದರು. "ಒಂದು ಸಾಲು ಬಿಟ್ರಿ ಸರ್," ಅಂದೆ. ಹಿಂದೆ ಬಂದು ಓದಿದರು. ನನಗೆ ಕರುಣೆ ಬಂತೇ ಎಂದು ಗೆಳತಿಯರು ಕೇಳುತ್ತಾರೆ. ಬರಲಿಲ್ಲ. ನನ್ನ ಲೆಕ್ಕ ಇನ್ನೂ ಅರ್ಧ ಮಾತ್ರ ಮುಗಿದಿತ್ತು.

ಸಮಾರೋಪಕ್ಕೆ ಯಾರಾದರೂ ದೊಡ್ಡವರನ್ನು ಕರೆದು ಅವರ ಕೈಯಿಂದ ಸರ್ಟಿಫಿಕೇಟು ಕೊಡಿಸುವುದು ನಮ್ಮ ಕಡೆಯ ವಾಡಿಕೆ. ಸಕ್ಕರೆ ಕಾರ್ಖಾನೆಯ ನಿರ್ದೇಶಕರೊಬ್ಬರ ಹೆಸರು ಪ್ರಾಚಾರ್ಯರ ಮನಸ್ಸಿನಲ್ಲಿತ್ತು. ಅತಿಥಿಯನ್ನು ನಾನೇ ಗೊತ್ತು ಮಾಡಿದ್ದೇನೆ ಎಂದೆ.

"ಯಾರ್ರಿ ಮೇಡಮ್? ಜಿಲ್ಲಾ ಪಂಚಾಯತಿಯವರೇನ?"

"ಅಲ್ರಿ. ನಮ್ಮ ಅವ್ವ."

ಅವರು ಫೋನು ಕೈಗೆತ್ತಿಕೊಂಡು ಹೂವಿನವನ ನಂಬರು ಹುಡುಕಿದರು. "ಹಾರ ದೊಡ್ಡದ ತರಸಬೇಕೇನ್ರಿ?"

"ದೊಡ್ಡದ ತರಸ್ರಿ."

ಸರ್ ಕೂಡ ತರಬೇತಿಗೆ ಬಂದಿದ್ದಾರೆಂದು ಹೇಳಿದರೂ ಫೋನಿನಲ್ಲಿ ಅವ್ವ ಒಪ್ಪಲಿಲ್ಲ. "ನಾ ಅಲ್ಲಿ ಬಂದು ಏನ್ ಮಾತಾಡ್ಲಬೇ?"

"ಮಾತಾಡಬ್ಯಾಡ. ಕೊಡೂದಷ್ಟ."

"ಅಂವಗೂ ಕೊಡೂದೇನು?"

"ಅಂವಗ ಕೊಡಾಕಂತನ ಕರ್ಯಾಕತ್ತೇನಿ."

ಆ ಕಡೆಯಿಂದ ಬಹಳ ಹೊತ್ತು ಕೆಮ್ಮು ಕೇಳಿಸಿತು. "ಬರ್ತೇನಿ ತಗೊ," ಅಂದಳು.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಅಂಕಲಿ ದಾಟಿ, ಹೊಳೆ ದಾಟಿ, ಮಧ್ಯಾಹ್ನಕ್ಕೆ ಬಂದಿಳಿದಳು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ವಖಾರಿ ಬಿಟ್ಟು ವರ್ಷಗಳಾಗಿದ್ದರೂ ಉಗುರಿನ ಸುತ್ತ ಕಂದು ಬಣ್ಣ ಹೋಗಿರಲಿಲ್ಲ. ಹಾರ ಹಾಕಿದಾಗ ಭಾರಕ್ಕೆ ಸ್ವಲ್ಪ ಬಾಗಿದಳು. ಒಬ್ಬೊಬ್ಬರ ಹೆಸರು ಕರೆಯುತ್ತಾ ಹೋದೆ. ಒಬ್ಬೊಬ್ಬರಿಗೂ ಅವ್ವ ಎರಡು ಕೈಯಲ್ಲಿ ಹಿಡಿದು ಕೊಡುತ್ತಾ ಹೋದಳು.

ಸರ್ ಹೆಸರನ್ನು ಕೊನೆಗೆ ಇಟ್ಟಿದ್ದೆ. ಅವರು ಮೆಟ್ಟಿಲು ಹತ್ತಿ ಬಂದು ಅವ್ವನ ಎದುರು ನಿಂತರು. ಒಂದು ಕೈ ಅಭ್ಯಾಸಕ್ಕೆ ಜೇಬಿನ ಕಡೆ ಹೋಗಿ, ಅರ್ಧಕ್ಕೆ ನಿಂತಿತು. ಅವ್ವ ಅದನ್ನು ನೋಡಿದಳು. ಸರ್ಟಿಫಿಕೇಟನ್ನು ಅವರ ಕೈಗೆ ಇಟ್ಟಳು, ಆದರೆ ಕೂಡಲೇ ಬಿಡಲಿಲ್ಲ. ಮೈಕು ಹತ್ತಿರವೇ ಇದ್ದುದರಿಂದ ಹಿಂದಿನ ಸಾಲಿನವರಿಗೂ ಕೇಳಿಸಿತು.

"ಹಿಡೀರಿ ಸರ್. ಕೈ ತೊಳ್ಕೊಂಡ ಬಂದೇನಿ."